‘ಒಂದು ಸ್ಟೇ ತಂದ್ರೆ ಆಯ್ತು’ ಅನ್ನೋ ಮುನ್ನ...

ಊರಿಂದ ಅಪ್ಪ ವಾಟ್ಸ್‌ಆ್ಯಪ್‌ನಲ್ಲಿ ಪತ್ರಿಕಾ ಪ್ರಕಟಣೆಯ ಫೋಟೊ ಕಳಿಸ್ತಾರೆ. ರಾಷ್ಟ್ರೀಯ ಹೆದ್ದಾರಿ ಅಗಲ ಮಾಡೋಕೆ ಹೋಗುವ ಜಮೀನುಗಳ ಪಟ್ಟಿಯಲ್ಲಿ ನಿಮ್ಮ ತೆಂಗಿನ ತೋಟದ ಸರ್ವೆ ನಂಬರೂ ಇದೆ. ಐದೇ ನಿಮಿಷದಲ್ಲಿ ಫ್ಯಾಮಿಲಿ ಗ್ರೂಪ್‌ಗೆ ಚಿಕ್ಕಪ್ಪನ ಸಲಹೆ ಬರುತ್ತೆ: ‘ತಲೆ ಕೆಡಿಸ್ಕೋಬೇಡ ಅಣ್ಣ, ಒಂದು ಸ್ಟೇ ತಂದ್ರೆ ಆಯ್ತು.’

ಈಗ ಅದು ಅಷ್ಟು ಸುಲಭವಲ್ಲ. ನಿರ್ದಿಷ್ಟ ಪರಿಹಾರ ಕಾಯ್ದೆಗೆ ಆದ ತಿದ್ದುಪಡಿ 2018ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅದರ 41(ಎಚ್‌ಎ) ಕಲಂ ಪ್ರಕಾರ, ಮೂಲಸೌಕರ್ಯ ಯೋಜನೆಗೆ ಅಡ್ಡಿಯಾಗುವ ಅಥವಾ ಅದನ್ನು ತಡ ಮಾಡುವ ತಡೆಯಾಜ್ಞೆಯನ್ನು ಸಿವಿಲ್ ದಾವೆಯಲ್ಲಿ ಕೊಡುವಂತಿಲ್ಲ. ರಸ್ತೆ, ಬಂದರು, ವಿದ್ಯುತ್, ಕುಡಿಯುವ ನೀರು, ಆಸ್ಪತ್ರೆ ಎಲ್ಲವೂ ಆ ಪಟ್ಟಿಯಲ್ಲಿವೆ. ಕೆಲಸ ನಿಂತರೆ ಹೊರೆ ಬೀಳೋದು ಜನರ ದುಡ್ಡಿನ ಮೇಲೆ ಅನ್ನೋದು ಇದರ ಹಿಂದಿನ ವಾದ.

ಜಾರ್ಖಂಡ್‌ನ ರಸ್ತೆ ಟೆಂಡರ್ ಒಂದರ ಕೇಸಿನಲ್ಲಿ 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯ್ತು. ರಿಟ್ ಅರ್ಜಿ ಕೇಳುವ ಹೈಕೋರ್ಟ್‌ಗಳೂ ಈ ಕಲಂ ಅನ್ನು ಗಮನದಲ್ಲಿ ಇಟ್ಕೋಬೇಕು, ಟೆಂಡರ್‌ನಲ್ಲಿ ತಪ್ಪು ನಡೆದಿದ್ದರೂ ಕೆಲಸ ನಿಲ್ಲಿಸುವ ಬದಲು ನಷ್ಟ ಪರಿಹಾರದ ದಾರಿ ತೋರಿಸಬೇಕು ಎಂದಿತು.

ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಸಂವಿಧಾನದ 226ನೇ ವಿಧಿ ಹೈಕೋರ್ಟ್‌ಗೆ ಕೊಟ್ಟ ಅಧಿಕಾರ ಹಾಗೇ ಇದೆ. ಪರಿಸರದ ಪ್ರಶ್ನೆ ಬಂದಾಗ ಹಸಿರು ನ್ಯಾಯಮಂಡಳಿ ಇದೆ. ಬೆಂಗಳೂರಿನ ಬಸವೇಶ್ವರ ವೃತ್ತ–ಹೆಬ್ಬಾಳ ಉಕ್ಕಿನ ಮೇಲ್ಸೇತುವೆಗೆ 2016ರ ಅಕ್ಟೋಬರ್‌ನಲ್ಲಿ ತಡೆ ಬಿದ್ದಿದ್ದು ಅಲ್ಲೇ. ಜನ ಬೀದಿಗೂ ಇಳಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಮುಂಬೈನ ಆರೆ ಕಾಲೊನಿಯ ಕಥೆ ಬೇರೆ. ಮೆಟ್ರೊ ಕಾರ್‌ಶೆಡ್‌ಗಾಗಿ ಮರ ಕಡಿಯೋದನ್ನು ಸುಪ್ರೀಂ ಕೋರ್ಟ್ ತಡೆದಿದ್ದು 2019ರ ಅಕ್ಟೋಬರ್ 7ರಂದು. ಅಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ನೆಲಕ್ಕೆ ಬಿದ್ದಿದ್ದವು.

ಅಪ್ಪನ ತೋಟದ ವಿಷಯದಲ್ಲೂ ದಿನ ಎಣಿಸಬೇಕು. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ, ಅಧಿಸೂಚನೆ ಪ್ರಕಟವಾದ ದಿನದಿಂದ ಆಕ್ಷೇಪಣೆ ಸಲ್ಲಿಸೋಕೆ ಇರೋದು 21 ದಿನ ಮಾತ್ರ. ಆಕ್ಷೇಪಣೆ ಲಿಖಿತವಾಗಿರಬೇಕು, ಕಾರಣ ಹೇಳಬೇಕು. ಕೊಟ್ಟರೆ ಅಧಿಕಾರಿ ನಿಮ್ಮ ಮಾತು ಕೇಳಲೇಬೇಕು. ಮುಂದೆ 3ಡಿ ಘೋಷಣೆ ಹೊರಬಿದ್ದರೆ ಜಮೀನು ಕೇಂದ್ರ ಸರ್ಕಾರದ್ದಾಗುತ್ತೆ. ಆಮೇಲೆ ಹೆಚ್ಚಾಗಿ ಉಳಿಯೋದು ಪರಿಹಾರದ ಮೊತ್ತದ ಜಗಳ; ಅದೂ ಮಧ್ಯಸ್ಥಗಾರರ ಮುಂದೆ.

ಹಾಗಾಗಿ ಗ್ರೂಪ್‌ನಲ್ಲಿ ಚಿಕ್ಕಪ್ಪನಿಗೆ ಉತ್ತರ ಬರೆಯೋದು ಆಮೇಲಾಗಲಿ. ಮೊದಲು ಅಪ್ಪನಿಗೆ ಫೋನ್ ಮಾಡಿ, ಪ್ರಕಟಣೆಯ ತಾರೀಖು ಕೇಳಿ. ಪಹಣಿ, ನಕ್ಷೆ, ಮರಗಳ ಲೆಕ್ಕ, ಬೋರ್‌ವೆಲ್ ಬಿಲ್ ಒಟ್ಟು ಮಾಡಿ ಈ ವಾರವೇ ವಕೀಲರ ಹತ್ತಿರ ಹೋಗಿ. ಆಕ್ಷೇಪಣೆ ಕೊಟ್ಟಾಗ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳೋದು ಮರೀಬೇಡಿ.