ಮಾರುವ ಮನೆಯ ಒದ್ದೆ ಗೋಡೆ

ಮಾರುವ ಮನೆಗಳು ಹಲವಾಗಿ ಕೊಳ್ಳುವವರು ಕೆಲವರೇ ಆದಾಗ, ಆಯ್ಕೆ ಕೊಳ್ಳುವವರದು. ಗೋಡೆಯ ಬುಡದ ಒಂದು ಒದ್ದೆ ಕಲೆಯೇ ಅವರನ್ನು ಬೇರೊಂದು ಮನೆಗೆ ಕಳುಹಿಸಬಲ್ಲದು. ಅದರ ಮೇಲೆ ಬಣ್ಣ ಬಳಿದರೆ ಸಾಲದೆ ಎಂದು ವಾಚಕರು ಕೇಳಬಹುದು. ಸಾಲದು, ಕಾರಣವನ್ನು ಭೌತವಿಜ್ಞಾನ ತಿಳಿಸುತ್ತದೆ.

ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ನೆಲದ ನೀರು ಮೇಲೇರುತ್ತದೆ. ಇದೇ ಕೇಶಾಕರ್ಷಣ. 1 ಮಿಲಿಮೀಟರ್ ವ್ಯಾಸದ ಗಾಜಿನ ನಳಿಕೆಯಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರಿದರೆ, ಅದರ ಹತ್ತರಲ್ಲೊಂದು ವ್ಯಾಸದ ನಳಿಕೆಯಲ್ಲಿ 30 ಸೆಂಟಿಮೀಟರ್ ಏರುವುದು. ಗೋಡೆಯೊಳಗೆ ಏರಿದ ನೀರು ಅದರ ಮೈಯಿಂದ ಆವಿಯಾಗುತ್ತದೆ. ಅದು ತಂದ ಲವಣ ಉಳಿದು, ಹರಳುಗಟ್ಟಿ, ಗಾರೆಯನ್ನು ಉದುರಿಸುತ್ತದೆ. ಆವಿಯನ್ನು ಹೊರಬಿಡದ ಬಣ್ಣ ಬಳಿದರೆ ಒದ್ದೆ ಇನ್ನೂ ಮೇಲೇರುವುದು, ಬಣ್ಣವೂ ಗುಳ್ಳೆಯೇಳುವುದು.

ಆದ್ದರಿಂದ ಮೊದಲು ಸೋರುವ ಕೊಳಾಯಿಯನ್ನು ಸರಿಪಡಿಸಿ, ಗೋಡೆಗೆ ಒತ್ತಿಕೊಂಡ ಮಣ್ಣನ್ನು ತೆಗೆದು, ಮಳೆನೀರು ದೂರ ಹರಿಯುವಂತೆ ಮಾಡಬೇಕು. ಗೋಡೆ ಒಣಗಲು ತಿಂಗಳುಗಳೇ ಬೇಕಾದಾವು. ಬಳಿಕ ಆವಿಗೆ ದಾರಿಕೊಡುವ ಸುಣ್ಣ ಬಳಿಯಬಹುದು.

ದೋಷವನ್ನು ಮರೆಮಾಡಲು ಕಾನೂನೂ ಒಪ್ಪದು. ಕೊಳ್ಳುವವನು ಸಾಧಾರಣ ಎಚ್ಚರಿಕೆಯಿಂದ ಕಾಣಲಾರದ, ತನಗೆ ಮಾತ್ರ ತಿಳಿದಿರುವ ಮುಖ್ಯ ದೋಷವನ್ನು, ಬೇರೆ ಕರಾರಿಲ್ಲದಿದ್ದರೆ, ಮಾರುವವನು ತಿಳಿಸಲೇಬೇಕೆಂದು ಭಾರತದ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣ ವಿಧಿಸುತ್ತದೆ.