ಪಾರ್ಸಲ್ ಗುಲಾಬಿ: ಹೂವಿಗೆ ಮರುಳಾಗದಿರಿ, ಬುಡ ನೋಡಿ

ಅಕ್ಕಲಕೋಟ: ದುಧನಿ, ಮೈಂದರ್ಗಿ ಕಡೆಯ ಮನೆಗಳ ಅಂಗಳದಲ್ಲಿ ಮೊದಲೆಲ್ಲ ಇರುತ್ತಿದ್ದದ್ದು ಒಂದೇ ಗುಲಾಬಿ. ತಿಳಿ ಬಣ್ಣ, ಘಮ್ಮೆನ್ನುವ ವಾಸನೆ, ಮುಟ್ಟಿದರೆ ಉದುರುವ ಪಕಳೆ. ಕನ್ನಡದವರಿಗೆ ಅದು ಜವಾರಿ, ಮರಾಠಿಯವರಿಗೆ ಗಾವಠಿ. ನೆರೆಮನೆಯಿಂದ ಒಂದು ಟೊಂಗೆ ಮುರಿದು ತಂದು ಹಸಿ ಮಣ್ಣಿಗೆ ಚುಚ್ಚಿದರೆ ಸಾಕಿತ್ತು. ದುಡ್ಡು ಕೊಟ್ಟು ಗುಲಾಬಿ ಗಿಡ ಕೊಳ್ಳುವುದೆಂದರೆ ನಗುವವರೇ ಹೆಚ್ಚು.

ಈಗ ಹಾಗಿಲ್ಲ. ಮೊಬೈಲಿನಲ್ಲಿ ಅಂಗೈಯಗಲದ ಹೂವಿನ ಫೋಟೋ ಬರುತ್ತದೆ, ದುಡ್ಡು ಹೋಗುತ್ತದೆ, ವಾರದೊಳಗೆ ಬಾಗಿಲಿಗೆ ಬಾಕ್ಸ್ ಬರುತ್ತದೆ. ಪುಣೆ, ಬೆಂಗಳೂರು, ರಾಜಮಹೇಂದ್ರವರಂ ಬಳಿಯ ಕಡಿಯಂ ಹೀಗೆ ನರ್ಸರಿ ಊರುಗಳಿಂದ ಗಿಡಗಳು ಊರೂರು ತಿರುಗಿ ಬರುತ್ತವೆ. ಬಂದ ಮೇಲೆ ಕೇಳಿಬರುವ ಮಾತೂ ಒಂದೇ: ‘ಫೋಟೋದಾಗ ಒಂದು, ಪೆಟ್ಟಿಗ್ಯಾಗ ಇನ್ನೊಂದು. ನಾಕು ಕಡ್ಡಿ, ಎರಡು ಎಲಿ. ಇದಕ್ಕ ಮುನ್ನೂರು ರೂಪಾಯಿ ಕೊಡಬೇಕೇನ್ರೀ?’

ಎಲೆ ಉದುರಿದ್ದು ಅಷ್ಟು ದೊಡ್ಡ ಮಾತಲ್ಲ. ಮೂರ್ನಾಲ್ಕು ದಿನ ಗಾಳಿ ಬೆಳಕಿಲ್ಲದ ಬಾಕ್ಸಿನಲ್ಲಿದ್ದ ಗಿಡ ಎಲೆ ಉದುರಿಸುವುದು ಸಹಜ. ನಿಜವಾದ ನಷ್ಟ ಗೊತ್ತಾಗುವುದು ವರ್ಷ ಕಳೆದ ಮೇಲೆ. ಗಿಡ ಆಳೆತ್ತರ ಬೆಳೆಯುತ್ತದೆ, ಹಸಿರೋ ಹಸಿರು. ಮೊಗ್ಗು ಮಾತ್ರ ಇಲ್ಲ. ಇದ್ದರೂ ವರ್ಷಕ್ಕೊಮ್ಮೆ ಗೊಂಚಲು ಗೊಂಚಲಾಗಿ ಚಿಕ್ಕ ಬಿಳಿ ಹೂ. ಕೆಂಪು ಗುಲಾಬಿ ಎಂದು ದುಡ್ಡು ಕೊಟ್ಟವರು ವರ್ಷಗಟ್ಟಲೆ ನೀರು ಹಾಕಿ ಸಾಕಿದ್ದು ಕಾಡುಗುಲಾಬಿಯನ್ನು!

ಗಿಡ ಒಂದು, ಜಾತಿ ಎರಡು

ನರ್ಸರಿಯಲ್ಲಿ ಮಾರುವ ದೊಡ್ಡ ಹೂವಿನ ಗುಲಾಬಿಗಳು ಹೆಚ್ಚಾಗಿ ಕಸಿ ಗಿಡಗಳು. ಬೇರು ಒಂದು ಜಾತಿಯದು, ಹೂ ಇನ್ನೊಂದು ಜಾತಿಯದು. ಗಟ್ಟಿಮುಟ್ಟಾದ ಕಾಡುಗುಲಾಬಿಯ ಕಾಂಡದ ತೊಗಟೆಯನ್ನು ಇಂಗ್ಲಿಷ್ ‘ಟಿ’ ಆಕಾರದಲ್ಲಿ ಸೀಳಿ, ಒಳ್ಳೆಯ ಜಾತಿಯ ಒಂದೇ ಒಂದು ಕಣ್ಣನ್ನು ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುತ್ತಾರೆ. ಇದೇ ಕಣ್ಣು ಕಸಿ. ಮರಾಠಿ ಮಾಳಿಗಳು ‘ಡೋಳಾ ಭರಣೆ’ ಅನ್ನುವುದೂ ಇದಕ್ಕೇ. ದಕ್ಷಿಣದಲ್ಲಿ ಬೇರುಗಿಡವಾಗಿ ಮಲ್ಟಿಫ್ಲೋರಾ ಎಂಬ ಜಾತಿಯ ಬಳಕೆ ಹೆಚ್ಚು, ಉತ್ತರದಲ್ಲಿ ಎಡ್ವರ್ಡ್ ಗುಲಾಬಿಯದು.

ಕಣ್ಣು ಚಿಗುರಿ ಕಾಂಡಕ್ಕೆ ಪೂರ್ತಿ ಬೆಸೆಯುವ ಮೊದಲೇ ಗಿಡವನ್ನು ಬಾಕ್ಸಿಗೆ ತುಂಬಿದರೆ, ದಾರಿಯಲ್ಲಿ ಬಿದ್ದ ಒಂದು ಪೆಟ್ಟಿಗೆ ಕಸಿ ಸಾಯುತ್ತದೆ. ಬೇರು ಸಾಯುವುದಿಲ್ಲ. ಕಸಿಯ ಕೆಳಗಿನಿಂದ ಅದರದೇ ಚಿಗುರು ಏಳುತ್ತದೆ, ‘ಅಬ್ಬಾ, ಗಿಡ ಹತ್ತಿತು’ ಎಂದು ಮನೆಯವರು ಖುಷಿಪಡುತ್ತಾರೆ. ಏಳು ಎಲೆ ಇದ್ದರೆ ಕಾಡು, ಐದು ಎಲೆ ಇದ್ದರೆ ಊರು ಎಂದು ಹೇಳುವುದುಂಟು. ಅದನ್ನು ಪೂರ್ತಿ ನಂಬುವಂತಿಲ್ಲ, ಒಳ್ಳೆಯ ಜಾತಿಗಳಲ್ಲೂ ಏಳೆಲೆ ಬರುತ್ತದೆ. ಚಿಗುರು ಎಲ್ಲಿಂದ ಎದ್ದಿದೆ ಎಂಬುದನ್ನೇ ನೋಡಬೇಕು. ಬುಡದಲ್ಲಿ ಗಂಟಿನಂತೆ ಉಬ್ಬಿದ ಜಾಗವೇ ಕಸಿ. ಅದರ ಮೇಲಿನದು ನಮ್ಮದು, ಕೆಳಗಿನದು ಕಾಡಿನದು. ಕೆಳಗಿನದನ್ನು ಕತ್ತರಿಸಿದರೆ ಮತ್ತೆ ಬರುತ್ತದೆ, ಮಣ್ಣು ಸರಿಸಿ ಹುಟ್ಟಿದಲ್ಲಿಂದಲೇ ಕಿತ್ತು ತೆಗೆಯಬೇಕು.

ಆರ್ಡರ್ ಕೊಡುವ ಮುನ್ನ

ಮಾರುವವನಿಗೆ ಹೂವಿನ ಫೋಟೋ ಕೇಳಿ ಪ್ರಯೋಜನವಿಲ್ಲ, ಅದು ಎಲ್ಲರ ಬಳಿಯೂ ಇರುತ್ತದೆ. ಬುಡದ ಫೋಟೋ ಕೇಳಬೇಕು. ಕಸಿಯ ಗಂಟು ಸ್ಪಷ್ಟವಾಗಿ ಕಾಣಬೇಕು. ಅದರ ಮೇಲೆ ಪೆನ್ಸಿಲ್ ದಪ್ಪದ ಎರಡು ಮೂರು ಟೊಂಗೆಗಳಿರಬೇಕು. ಕಡ್ಡಿಯಂಥ ಒಂದೇ ಚಿಗುರು, ಅದರ ತುದಿಗೆ ಒಂದು ದೊಡ್ಡ ಹೂ ಇದ್ದರೆ ಆ ಗಿಡ ಬೇಡ. ಇದ್ದ ಶಕ್ತಿಯನ್ನೆಲ್ಲ ಅದು ಹೂವಿಗೇ ಸುರಿದಿರುತ್ತದೆ.

ಜಾತಿಯ ಹೆಸರನ್ನೂ ಕೇಳಬೇಕು. ಗ್ಲ್ಯಾಡಿಯೇಟರ್, ರಕ್ತಗಂಧ, ಮೋಹಿನಿ ಇವು ಜಾತಿಯ ಹೆಸರುಗಳು. ‘ಕೆಂಪು ಡಬಲ್, ನಂಬರ್ ಒನ್’ ಅನ್ನುವುದು ಹೆಸರಲ್ಲ. ಹೆಸರು ಸರಿಯಿದ್ದರೂ ಅದು ಎಲ್ಲಿಯ ಬೆಳೆ ಎಂಬ ಪ್ರಶ್ನೆ ಉಳಿಯುತ್ತದೆ. ಹೊಸೂರು ಸುತ್ತಿನಲ್ಲಿ ಪಾಲಿಹೌಸಿನೊಳಗೆ ಬೆಳೆಯುವ ತಾಜಮಹಲ್ ಜಾತಿಯ ಉದ್ದ ದಂಟಿನ ಹೂ ನೋಡಲು ಚೆಂದ. ಆದರೆ ಹೊಸೂರಿನ ತಂಪು ಹವೆ ಬೇರೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೋಲಾಪುರದ ಮಾಳಿಗೆ ಬೇರೆ. ಬಯಲಲ್ಲಿ ಬೆಳೆದು ಬಂದ ಜಾತಿಯನ್ನೇ ಕೇಳುವುದು ಲೇಸು.

ನೀಲಿ ಗುಲಾಬಿ ಬೀಜ, ಏಳು ಬಣ್ಣದ ಗುಲಾಬಿ ಬೀಜ ಎಂದು ಮಾರುವವರ ಗೊಡವೆಯೇ ಬೇಡ. ನೀಲಿ ಬಣ್ಣಕ್ಕೆ ಬೇಕಾದ ಡೆಲ್ಫಿನಿಡಿನ್ ಎಂಬ ವಸ್ತು ಗುಲಾಬಿಯಲ್ಲಿ ಹುಟ್ಟುವುದಿಲ್ಲ. ಜಪಾನಿನ ಸನ್ಟೋರಿ ಕಂಪನಿ ಬೇರೆ ಹೂವಿನ ವಂಶವಾಹಿ ಸೇರಿಸಿ ತಯಾರಿಸಿ 2009ರಲ್ಲಿ ಮಾರಾಟಕ್ಕೆ ತಂದ ಗುಲಾಬಿಯೂ ನೇರಳೆಯತ್ತ ವಾಲಿದ ಬಣ್ಣದ್ದೇ. ಏಳು ಬಣ್ಣದ್ದಂತೂ ದಂಟು ಸೀಳಿ ಬಣ್ಣದ ನೀರಿನಲ್ಲಿಟ್ಟ ಕತ್ತರಿಸಿದ ಹೂ. ಅದಕ್ಕೆ ಬೀಜ ಎಲ್ಲಿಂದ ಬರಬೇಕು?

ತರಿಸುವ ಕಾಲವೂ ಮುಖ್ಯ. ಮಳೆ ಮುಗಿದು ಅಕ್ಟೋಬರ್ ಅರ್ಧ ಕಳೆದ ಮೇಲೆ ಜನವರಿವರೆಗೆ ತರಿಸಿದರೆ ಗಿಡ ಬದುಕುವ ಸಂಭವ ಹೆಚ್ಚು. ಮಾರ್ಚ್ ನಂತರ ಬೇಡವೇ ಬೇಡ. ಉಮದಿ, ಸಂಖದಂಥ ಊರುಗಳಿಗೆ ಕೊರಿಯರ್ ಮನೆ ಬಾಗಿಲಿಗೆ ಬರದೆ ತಾಲೂಕು ಊರಿನಲ್ಲೇ ಕೂರುವುದುಂಟು. ನಡುವೆ ಭಾನುವಾರ ಬಂದರೆ ಗಿಡಕ್ಕೆ ಇನ್ನೊಂದು ದಿನ ಸೆರೆವಾಸ. ‘ಸೋಮವಾರ ಕಳಸ್ರಿ’ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಾಕ್ಸ್ ಬಿಚ್ಚಿದ ಮೇಲೆ

ಮೊದಲು ವಿಡಿಯೊ, ಆಮೇಲೆ ಕತ್ತರಿ. ಬಿಚ್ಚುವಾಗಿನ ವಿಡಿಯೊ ಇಲ್ಲದಿದ್ದರೆ ಎಷ್ಟೋ ಮಾರಾಟಗಾರರು ದೂರನ್ನೇ ಕೇಳುವುದಿಲ್ಲ. ಎಲೆಯಿಲ್ಲದ ಟೊಂಗೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವವಿದೆ. ಕಂದು ಬಣ್ಣವಿದ್ದರೆ ಆ ಟೊಂಗೆ ಹೋಯಿತು. ತುದಿಯಿಂದ ಕಪ್ಪಾಗುತ್ತ ಕೆಳಗಿಳಿಯುತ್ತಿದ್ದರೆ ಅದು ಒಣಗು ರೋಗ, ಹಸಿರು ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಬುಡದಲ್ಲೋ ಬೇರಿನಲ್ಲೋ ಒರಟು ಗಡ್ಡೆ ಕಂಡರೆ ಮಾತ್ರ ಕರುಣೆ ತೋರಿಸಬಾರದು. ಅದು ಬ್ಯಾಕ್ಟೀರಿಯಾದಿಂದ ಬರುವ ಗಂಟು ರೋಗ, ಮಣ್ಣಿಗೆ ಇಳಿದರೆ ಅಲ್ಲೇ ಉಳಿಯುತ್ತದೆ. ಆದರೆ ಕಸಿ ಕೂಡಿದ ಜಾಗದ ನುಣುಪು ಉಬ್ಬನ್ನು ಗಡ್ಡೆ ಎಂದು ತಪ್ಪು ತಿಳಿಯಬಾರದು. ಕಸಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಹಾಗೇ ಉಳಿದು ಕಾಂಡವನ್ನು ಕತ್ತು ಹಿಸುಕಿದಂತೆ ಬಿಗಿದಿದ್ದರೆ, ಅದನ್ನು ಬ್ಲೇಡಿನಿಂದ ಸೀಳಿ ತೆಗೆಯಬೇಕು.

ಕೊರಿಯರ್ ಖರ್ಚು ತೂಕದ ಮೇಲೆ. ಹಾಗಾಗಿ ಕೆಲವರು ಮಣ್ಣನ್ನೆಲ್ಲ ಉದುರಿಸಿ ಬೇರಿಗೆ ತೆಂಗಿನ ನಾರಿನ ಪುಡಿ ಸುತ್ತಿ ಕಳಿಸುತ್ತಾರೆ. ಅಂಥ ಗಿಡದ ಬೇರನ್ನು ಎರಡು ಮೂರು ತಾಸು ಬಕೆಟ್ ನೀರಿನಲ್ಲಿಟ್ಟು ಅದೇ ದಿನ ನೆಡಬೇಕು. ಇನ್ನು ಕೆಲವು ಬರುವುದು ಗಟ್ಟಿ ಕೆಂಪು ಮಣ್ಣಿನ ಉಂಡೆಯೊಂದಿಗೆ. ಉಂಡೆ ಒಣಗಿ ಇಟ್ಟಿಗೆಯಂತಾಗಿದ್ದರೆ ಕುಂಡಕ್ಕೆ ಹಾಕಿದ ನೀರು ಸುತ್ತಲೇ ಇಳಿದು ಹೋಗುತ್ತದೆ, ಒಳಗಿನ ಬೇರಿಗೆ ತಲುಪುವುದಿಲ್ಲ. ಮೇಲೆ ಮಣ್ಣು ಹಸಿ, ಗಿಡಕ್ಕೆ ಮಾತ್ರ ಬಾಯಾರಿಕೆ. ಉಂಡೆಯನ್ನು ಮೊದಲು ಚೆನ್ನಾಗಿ ನೆನೆಸಿ, ಬೇರು ಹರಿಯದಂತೆ ಹೊರಗಿನ ಮಣ್ಣನ್ನು ಸಡಿಲಿಸಬೇಕು.

ನಮ್ಮ ಕಡೆಯ ಎರಿ ಮಣ್ಣಿನದು ಬೇರೆ ತಾಪತ್ರಯ. ಜೋಳಕ್ಕೆ ಅದು ಬಂಗಾರ, ಕುಂಡದ ಗುಲಾಬಿಗೆ ಅದೊಂದೇ ಸಾಲದು. ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಗರಸು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ಮಣ್ಣು ಹಗುರ ಮಾಡಿಕೊಳ್ಳಬೇಕು. ಕಸಿಯ ಗಂಟು ಮಣ್ಣಿನಿಂದ ಎರಡು ಬೆರಳು ಮೇಲಿರಬೇಕು. ತಂದ ದಿನವೇ ಬಿಸಿಲಿಗಿಡುವುದು, ‘ಸೊರಗೈತಿ’ ಎಂದು ಯೂರಿಯಾ ಹಾಕುವುದು ಇವೆರಡರಿಂದಲೇ ಎಷ್ಟೋ ಗಿಡ ಸಾಯುತ್ತವೆ. ಹತ್ತು ದಿನ ನೆರಳು, ಆಮೇಲೆ ಎಳೆಬಿಸಿಲು. ಒಂದು ತಿಂಗಳು ಗೊಬ್ಬರದ ಹೆಸರೆತ್ತಬಾರದು. ಮೊದಲ ಮೊಗ್ಗುಗಳನ್ನು ಚಿವುಟಿ ಹಾಕಬೇಕು. ಕಷ್ಟದ ಕೆಲಸವೇ ಅದು, ಅಷ್ಟು ಆಸೆಯಿಂದ ತರಿಸಿದವರಿಗೆ.

ಹೊಲಕ್ಕೆ ತರಿಸುವವರಿಗೆ

ಅಂಗಳಕ್ಕೆ ಎರಡು ಗಿಡ ತರಿಸುವುದು ಹವ್ಯಾಸ. ಹೊಲಕ್ಕೆ ಐದುನೂರು ತರಿಸುವುದು ಬಂಡವಾಳ. ಅಕ್ಕಲಕೋಟ ಸ್ವಾಮಿ ಸಮರ್ಥರ ಸನ್ನಿಧಿಗೆ ವರ್ಷವಿಡೀ ಭಕ್ತರು, ಸಂಕ್ರಾಂತಿಗೆ ಸೋಲಾಪುರದಲ್ಲಿ ಸಿದ್ಧೇಶ್ವರರ ಗಡ್ಡಾ ಯಾತ್ರೆ. ಹಾರಕ್ಕೆ ಗುಲಾಬಿ ಬೇಕೇ ಬೇಕು. ಗುಲಾಬಿ ಚಾಟಿ ಮಾಡಿದ ಮೇಲೆ ಹೂ ಬರಲು ಸುಮಾರು 45 ದಿನ. ಆ ಲೆಕ್ಕ ಹಿಡಿದು ನವೆಂಬರ್ ಕೊನೆಗೆ ಕತ್ತರಿ ಆಡಿಸಿದ ರೈತನ ಹೊಲದಲ್ಲಿ, ಗಿಡಗಳೇ ಬೆರಕೆಯಾಗಿದ್ದರೆ ಒಂದು ಸಾಲು ಕೆಂಪು, ಒಂದು ಸಾಲು ಬಿಳಿಚು, ನಡುನಡುವೆ ಕಾಡು. ವ್ಯಾಪಾರಿ ಅದನ್ನು ಮುಟ್ಟುವುದಿಲ್ಲ. ಒಮ್ಮೆ ನೆಟ್ಟ ಗುಲಾಬಿ ವರ್ಷಗಟ್ಟಲೆ ಹೊಲದಲ್ಲಿರುವುದರಿಂದ ಆ ತಪ್ಪೂ ಅಷ್ಟು ವರ್ಷ ಉಳಿಯುತ್ತದೆ. ಮೊದಲು ಐದಾರು ಗಿಡ ತರಿಸಿ ಹೂ ಕಂಡು, ಆಮೇಲೆ ಬಸ್ಸು ಹತ್ತಿ ನರ್ಸರಿಗೇ ಹೋಗಿ ಬುಡ ಮುಟ್ಟಿ ನೋಡಿ ಕೊಳ್ಳುವುದು ಕ್ಷೇಮ. ಬಸ್ ಚಾರ್ಜು ಉಳಿಸಲು ಹೋಗಿ ಹೊಲ ಕಳೆದುಕೊಳ್ಳುವುದು ಯಾವ ವ್ಯವಹಾರ?

ಬಿಲ್ ಕೇಳಲು ನಾಚಿಕೆ ಬೇಡ

ಜಾತಿಯ ಹೆಸರು, ಗಿಡದ ಸಂಖ್ಯೆ ಬರೆದ ಬಿಲ್ ಇಲ್ಲದಿದ್ದರೆ ಮುಂದೆ ಏನೂ ನಡೆಯುವುದಿಲ್ಲ. 2020ರಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ, ಆನ್‌ಲೈನ್ ಮಾರಾಟ ಸಂಸ್ಥೆ ತನ್ನ ವಿಳಾಸ ಮತ್ತು ದೂರು ಕೇಳುವ ಅಧಿಕಾರಿಯ ಹೆಸರು ತೋರಿಸಬೇಕು, 48 ತಾಸಿನೊಳಗೆ ದೂರು ತಲುಪಿತೆಂದು ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಮಾರಿದವನ ಊರಿಗೆ ಅಲೆಯಬೇಕಾಗಿಲ್ಲ, ಗ್ರಾಹಕ ತಾನಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅಕ್ಕಲಕೋಟದವರಿಗೆ ಅದು ಸೋಲಾಪುರ, ಜತ್ತದವರಿಗೆ ಸಾಂಗಲಿ. ಐದು ಲಕ್ಷ ರೂ. ಒಳಗಿನ ಖರೀದಿಗೆ ಆಯೋಗದ ಶುಲ್ಕವೂ ಇಲ್ಲ.

ಅಷ್ಟು ದೂರ ಹೋಗುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲಿ ಮರಾಠಿ, ಹಿಂದಿ ಮಾತ್ರವಲ್ಲ, ಕನ್ನಡದಲ್ಲೂ ದೂರು ಹೇಳುವ ವ್ಯವಸ್ಥೆ ಇದೆ.