ಕುದುರೆಮುಖ: ಮಳೆ ಹಿಡಿದಿಡುವ ಬೆಟ್ಟ

ಕುದುರೆಯ ಮೋರೆಯಂತೆ ಕಾಣುವ ಈ ಶಿಖರ ಹಿಂದೆ ಅರಬ್ಬೀ ಸಮುದ್ರದ ಹಡಗಿನವರಿಗೆ ದಿಕ್ಕಿನ ಗುರುತಾಗಿತ್ತಂತೆ. ಎತ್ತರ ಸುಮಾರು 1,890 ಮೀಟರ್. ಮುಳ್ಳಯ್ಯನಗಿರಿಗಿಂತ ತುಸು ಕಡಿಮೆ.

ಕಡಲಿನ ತೇವಗಾಳಿ ಇಲ್ಲಿನ ಗೋಡೆಯಂಥ ಬೆಟ್ಟಸಾಲಿಗೆ ತಡೆದು ಮೇಲೇರುತ್ತದೆ. ಏರಿದಂತೆ ತಣ್ಣಗಾಗಿ ಮಳೆಯಾಗುತ್ತದೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್! ಬೆಂಗಳೂರಿನ ಜ್ಞಾನಭಾರತಿಯಲ್ಲಿ ಏಳು ವರ್ಷ ಬೀಳುವಷ್ಟು ಮಳೆ ಇಲ್ಲಿ ಒಂದೇ ವರ್ಷಕ್ಕೆ ಎನ್ನಬಹುದು.

ಇಷ್ಟೂ ನೀರು ಒಮ್ಮೆಲೇ ಏಕೆ ಹರಿದುಹೋಗುವುದಿಲ್ಲ? ಬೆಟ್ಟದ ಮೈಮೇಲೆ ಹುಲ್ಲುಗಾವಲು, ಮಡಿಕೆಗಳಲ್ಲಿ ಶೋಲಾ ಕಾಡು. ಕೊಳೆತ ಎಲೆ ತುಂಬಿದ ಮಣ್ಣು ಸ್ಪಂಜಿನಂತೆ ನೀರು ಹೀರಿ, ಬೇಸಿಗೆಯಲ್ಲೂ ತೊಟ್ಟಿಕ್ಕಿಸುತ್ತದೆ. ಇದೇ ಶ್ರೇಣಿಯ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುತ್ತವೆ. ಮೊದಲಿನೆರಡು ಪೂರ್ವಕ್ಕೆ, ನೇತ್ರಾವತಿ ಪಶ್ಚಿಮಕ್ಕೆ. ಪಠ್ಯಪುಸ್ತಕದ ಒಂದು ಸಾಲಿಗೆ ಹಿಡಿಸುವ ಸಂಗತಿಯಲ್ಲ ಇದು.

ಮಣ್ಣಿನಡಿಯ ಶಿಲೆಯ ಕಥೆ ಬೇರೆ. 250 ಕೋಟಿ ವರ್ಷಗಳಿಗೂ ಹಿಂದೆ ಕಡಲತಳದಲ್ಲಿ ಕಬ್ಬಿಣ, ಸಿಲಿಕಾ ಪದರಪದರವಾಗಿ ಕುಳಿತು, ಒತ್ತಡ, ಶಾಖಗಳಿಂದ ಮ್ಯಾಗ್ನಟೈಟ್ ಕ್ವಾರ್ಟ್ಸೈಟ್ ಆಯಿತು. ಅಯಸ್ಕಾಂತ ಹಿಡಿದರೆ ಇದರ ಪುಡಿ ಅಂಟುತ್ತದೆ. ಬೆಟ್ಟಕ್ಕೆ ಕಂಟಕವಾದದ್ದೂ ಈ ಗುಣವೇ. 1976ರಲ್ಲಿ ಸ್ಥಾಪನೆಯಾದ ಅದಿರು ಕಂಪನಿ ಹತ್ತಿರದ ಗುಡ್ಡಗಳನ್ನು ಅಗೆದು, ಅರೆದು, ಕಬ್ಬಿಣದ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿತು. ಅಗೆದ ಮಣ್ಣು ಮಳೆಯೊಡನೆ ಭದ್ರೆಗೂ ಇಳಿಯತೊಡಗಿತು. ಕಾಡಿನ ಪರ ಹೋರಾಟ ನಡೆಯಿತು; 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2005ರ ಡಿಸೆಂಬರ್ 31ರಂದು ಗಣಿ ನಿಂತಿತು. ದುಡಿಯುತ್ತಿದ್ದವರ ಊರು ಬಹುಪಾಲು ಖಾಲಿಯಾಯಿತು.

ಅರೆದ ಗುಡ್ಡದ ಹೂಳು ಮಾತ್ರ ಲಕ್ಯಾ ಅಣೆಕಟ್ಟಿನ ಹಿಂದೆ ಇಂದಿಗೂ ಇದೆ.